ಕೊನೆಯ ಪುಟ ನೋಡದೆ ಹಾಕಿದ ಪ್ರಕಾರ

ಪುಸ್ತಕದ ಕೊನೆಯ ಪುಟವನ್ನು ಮೊದಲು ನೋಡಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಷ್ಟ್ರು ನನಗೆ ಹೇಳಿಕೊಟ್ಟದ್ದು ಇದೊಂದೇ. ಒಂದೂವರೆ ವರ್ಷ ಅದನ್ನು ಪಾಲಿಸಿದೆ. ಒಂದೇ ಒಂದು ಪುಸ್ತಕಕ್ಕೆ ಕೊನೆಯ ಪುಟ ನೋಡದೆ ಪ್ರಕಾರ ಹಾಕಿದೆ. ಆಗ ಅವ್ವ ಹೋಗಿ ಇಪ್ಪತ್ತು ದಿನವೂ ಆಗಿರಲಿಲ್ಲ. ಗೊತ್ತಿಲ್ಲದೆ ಆದ ತಪ್ಪು ಅದಲ್ಲ, ಹೆದರಿ ಮಾಡಿದ್ದು.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಚಿತ್ರದುರ್ಗದಲ್ಲಿ ಕೋಟೆಯ ಕಡೆ ಹೋಗುವ ರಸ್ತೆಯ ಹಳೆಯ ಕಟ್ಟಡವೊಂದರಲ್ಲಿ ಧರ್ಮಗ್ರಂಥಗಳದ್ದೇ ಒಂದು ಗ್ರಂಥಾಲಯವಿತ್ತು. ಅಲ್ಲಿನ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸುವ ಕೆಲಸಕ್ಕೆ ನನ್ನನ್ನೂ ಸೇರಿಸಿ ಮೂವರನ್ನು ತೆಗೆದುಕೊಂಡರು. ನಾನು ಪಿಯುಸಿ ಮುಗಿಸಿ ಹೊಳಲ್ಕೆರೆಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತಿದ್ದೆ. ನಮ್ಮ ಮನೆ ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಗ್ಯಾಂಗ್‌ಮನ್ ಆಗಿದ್ದವರು ಕಾಯಿಲೆಯಾಗಿ ತೀರಿಕೊಂಡಿದ್ದರು. ಅವರ ಬದಲಿಗೆ ತಮ್ಮನಿಗೆ ಕೆಲಸ ಸಿಕ್ಕಿತ್ತು. ಮನೆಯಲ್ಲಿ ಅವ್ವ, ನಾನು, ತಮ್ಮ, ಮೂವರೇ.

ಮೇಷ್ಟ್ರು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಯಾವ ಪುಸ್ತಕ ಯಾವ ಬಗೆಯದು ಎಂದು ತೀರ್ಮಾನಿಸಲು ಅವರನ್ನು ಕೂರಿಸಿದ್ದರು. ಅವರಿಗೆ ಕಂಪ್ಯೂಟರ್ ಮುಟ್ಟಲು ಭಯ, ನಮಗೆ ಪುಸ್ತಕ ಮುಟ್ಟಲು ಭಯ. ಬರುತ್ತಿದ್ದ ಪುಸ್ತಕಗಳೆಲ್ಲ ದೇವರ ಗೂಡಿನಲ್ಲಿ ಇದ್ದು ಬಂದಂಥವು. ಎಣ್ಣೆ ಕುಡಿದ ಅಂಚು, ಒಣಗಿ ಪುಡಿಯಾದ ಪತ್ರೆ, ಊದುಬತ್ತಿಯ ಬೂದಿ. ತೆರೆದ ಕೂಡಲೇ ಯಾರದೋ ಮನೆಯ ಸಂಜೆಯ ವಾಸನೆ ಬರುತ್ತಿತ್ತು.

ಪ್ರತಿ ಪುಸ್ತಕಕ್ಕೂ ಪರದೆಯ ಮೇಲೆ ಒಂದು ನಮೂನೆ ತುಂಬಬೇಕು. ಹೆಸರು, ಬರೆದವರು, ಅಚ್ಚಾದ ಊರು, ಪುಟಗಳೆಷ್ಟು. ಎಲ್ಲಕ್ಕಿಂತ ಕೆಳಗೆ 'ಪ್ರಕಾರ' ಎಂಬ ಒಂದು ಚೌಕ. ಅದನ್ನು ಒತ್ತಿದರೆ ಪಟ್ಟಿ ಇಳಿಯುತ್ತಿತ್ತು: ಪುರಾಣ, ಚರಿತ್ರೆ, ಶಾಸ್ತ್ರ, ವ್ಯಾಖ್ಯಾನ, ಸ್ತೋತ್ರ, ಕಾಲಜ್ಞಾನ, ಪಾರಾಯಣ, ಇತರೆ. ಒಂದನ್ನು ಮಾತ್ರ ಆರಿಸಬಹುದು. ಎರಡು ಆರಿಸಿದರೆ ಯಂತ್ರ ಒಪ್ಪುತ್ತಿರಲಿಲ್ಲ.

ಮೊದಲ ವಾರ ನಾನು ಎಲ್ಲಕ್ಕೂ ಪುರಾಣ ಎಂದೇ ಹಾಕಿದೆ. ನಮ್ಮ ಕಡೆ ಮನೆಗಳಲ್ಲಿ ಎಲ್ಲವನ್ನೂ ಪುರಾಣ ಎಂದೇ ಕರೆಯುವುದು. ಮೇಷ್ಟ್ರು ನಕ್ಕರು.

"ಹೆಸರು ನೋಡಿ ಮೋಸ ಹೋಗ್ಬೇಡಮ್ಮ. ಹಳೇ ಹದಿನೆಂಟಕ್ಕೆ ಮಾತ್ರ ಪುರಾಣ ಅಂತ ಹಾಕು. ಶರಣರ ಕಥೆ, ಸಂತರ ಕಥೆ ಬಂದ್ರೆ ಕೊನೇ ಪುಟ ತೆಗಿ. ಓದಿದ್ರೆ ಏನು ಫಲ ಅಂತ ಹೇಳಿ, ಮಂಗಳ ಹಾಡಿ ಮುಗಿಸಿದ್ರೆ ಅದು ಪಾರಾಯಣ. ನೇಮ ಹಿಡಿದು ಓದೋದು, ಹಿಡಿದ ಮೇಲೆ ಮುಗಿಸ್ಲೇಬೇಕು. ಮಂಗಳ ಇಲ್ದೆ ಬರೀ ಮುದ್ರಕರ ಹೆಸರು ಬಂದ್ರೆ ಅದು ಚರಿತ್ರೆ. ಯಾರು ಎಲ್ಲಿ ಬೇಕಾದ್ರೂ ಮಡಚಿಡಬಹುದು."

"ದನದ ವೈದ್ಯದ ಪುಸ್ತಕ ಒಂದು ಬಂದೈತೆ ಸಾರ್, ಹಿರಿಯೂರು ಕಡೆಯಿಂದ. ಅದನ್ನೂ ಕೆಂಪು ಬಟ್ಟೆಯಾಗೆ ಸುತ್ತವ್ರೆ."

"ಎಮ್ಮೆಗೂ ಆತ್ಮ ಐತೆ ಅಂತ ಶಾಸ್ತ್ರಕ್ಕೆ ಹಾಕಾಣೇನು? ಇತರೆಗೆ ಹಾಕಮ್ಮ."

ಅವತ್ತು ಎಲ್ಲರೂ ನಕ್ಕೆವು. ಕೊನೆಯ ಪುಟದ ಆ ಮಾತು ನನ್ನ ಮೇಲೇ ತಿರುಗುತ್ತದೆ ಎಂದು ಆಗ ನನಗೆ ಅನ್ನಿಸಿರಲಿಲ್ಲ.

ನಮ್ಮ ಮನೆಯಲ್ಲೂ ಅಂಥದೊಂದು ಪುಸ್ತಕವಿತ್ತು. ಒಬ್ಬ ಶರಣರ ಕಥೆ. ತಾತನ ಕಾಲದ್ದು. ಶ್ರಾವಣ ಹಿಡಿದ ದಿನ ಕೆಂಪು ಬಟ್ಟೆ ಬಿಚ್ಚಿ, ದಿನಾ ದೀಪ ಹಚ್ಚಿದ ಮೇಲೆ ಒಂದೊಂದು ಸಂಧಿ ಓದಿ, ಶ್ರಾವಣ ಮುಗಿಯುವುದರೊಳಗೆ ಮಂಗಳ ಹಾಡಿ, ಸಜ್ಜಿಗೆ ಹಂಚಿ, ಮತ್ತೆ ಬಟ್ಟೆ ಸುತ್ತಿ ಇಡಬೇಕು. ತಾತ ಓದುತ್ತಿದ್ದರಂತೆ. ಆಮೇಲೆ ಅಪ್ಪ. ಅಪ್ಪ ಹೋದ ಮೇಲೆ ನಾನು. ಅವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಕೇಳಿ ಕೇಳಿ ಬಾಯಿಪಾಠ ಆಗಿತ್ತು. ಗೋಡೆಗೆ ಒರಗಿ ಹತ್ತಿಯ ಬತ್ತಿ ಹೊಸೆಯುತ್ತ ಕೂರುತ್ತಿದ್ದಳು. ಅವಳ ಬಲಗೈಯ ಉಂಗುರದ ಬೆರಳು ಹಿಂದೊಮ್ಮೆ ಕುಡುಗೋಲು ತಾಗಿ ಸೆಟೆದು ನಿಂತಿತ್ತು, ಮಡಚಲು ಬರುತ್ತಿರಲಿಲ್ಲ. ಅದನ್ನು ಬಿಟ್ಟು ಉಳಿದ ಬೆರಳಲ್ಲೇ ಹೊಸೆಯುವಳು. ನಾನು ಒಂದು ಪದ ನುಂಗಿದರೂ ಅವಳ ಕೈ ನಿಲ್ಲುತ್ತಿತ್ತು.

"ಒಂದು ಸಾಲು ಹಾರಿಸಿದ್ಯಲ್ಲೇ."

"ನಿಂಗೆ ಹೆಂಗೆ ಗೊತ್ತಾತು?"

"ಓದೋಳು ನೀನು, ಕೇಳೋಳು ನಾನು. ಯಾರಿಗೆ ಜಾಸ್ತಿ ಗೊತ್ತಿರತೈತೆ?"

ಓದಿಗೆ ಒಂದೆರಡು ಕಟ್ಟಳೆಗಳಿದ್ದವು. ಹಿಡಿದ ಮೇಲೆ ಬಿಡಬಾರದು. ಸಾವು, ನೋವು ಬರುವ ಕಡೆ ಪುಸ್ತಕ ಮುಚ್ಚಬಾರದು, ಸಂಧಿ ಮುಗಿದಿದ್ದರೂ ಮುಂದಿನದರಲ್ಲಿ ನಾಲ್ಕು ಸಾಲು ಓದಿ, ಒಳ್ಳೆಯದು ಬಂದ ಮೇಲೆ ನಿಲ್ಲಿಸಬೇಕು. ಇವು ನನಗೆ ಗೊತ್ತಿಲ್ಲದವೇನಲ್ಲ.

ಅವ್ವ ಹೋದ ವರ್ಷದ ಶ್ರಾವಣದಲ್ಲಿ ಗ್ರಂಥಾಲಯದ ಕೆಲಸ ಜೋರಾಗಿತ್ತು. ಗೌರಿ ಹಬ್ಬದೊಳಗೆ ಇಷ್ಟು ಪುಸ್ತಕ ಮುಗಿಯಬೇಕೆಂದು ಹೇಳಿದ್ದರು. ಸಂಜೆ ಆರೂವರೆಗೆ ಬಿಟ್ಟು, ಹೊಳಲ್ಕೆರೆಯ ಮೇಲೆ ಬಸ್ಸು ಹಿಡಿದು ಮನೆ ಸೇರುವಾಗ ಎಂಟೂವರೆ ಆಗುತ್ತಿತ್ತು. ಆದರೂ ಒಂಬತ್ತು ದಿನ ಓದಿದೆ. ಹತ್ತನೆಯ ದಿನ ಕುರಿ ಕಾಯುವವರ ಕೂಸಿಗೆ ಹಾವು ಕಚ್ಚುವ ಸಂಧಿ ಬಂತು. ತಾಯಿ ಕೂಸನ್ನು ಹೊತ್ತು ತಂದು ಶರಣರ ಬಾಗಿಲ ಮುಂದೆ ಮಲಗಿಸುತ್ತಾಳೆ. ಸಂಧಿ ಅಲ್ಲಿಗೆ ಮುಗಿಯುತ್ತದೆ. ಕೂಸು ಏಳುವುದು ಮುಂದಿನ ಸಂಧಿಯಲ್ಲಿ. ಬೆಳಗಿನಿಂದ ಪರದೆ ನೋಡಿ ನನ್ನ ಕಣ್ಣು ಉರಿಯುತ್ತಿತ್ತು. ಬ್ಯಾಗಿನಲ್ಲಿದ್ದ ಅವತ್ತಿನ ಬಸ್ ಟಿಕೆಟನ್ನು ಗುರುತಿಗೆ ಇಟ್ಟು ಪುಸ್ತಕ ಮುಚ್ಚಿದೆ.

"ಅಲ್ಲಿಗೇ ನಿಲ್ಲಿಸ್ತೀಯೇನೇ? ಕೂಸು ಬಿದ್ದಿರೋ ತಾವ?"

"ನಾಳೆ ಎಬ್ಬಿಸ್ತೀನಿ ಬಿಡವ್ವ."

ನಾಳೆ ಎಬ್ಬಿಸಲಿಲ್ಲ. ಮಾರನೆಯ ದಿನ ಬಸ್ಸು ಕೆಟ್ಟು ಇನ್ನೂ ತಡವಾಯಿತು. ಅದರ ಮಾರನೆಯ ದಿನ ತಲೆನೋವು. ಆಮೇಲೆ ಕಾರಣವೂ ಬೇಕಾಗಲಿಲ್ಲ. ಹಗಲೆಲ್ಲ ಬೇರೆಯವರ ಮನೆಯ ಪುರಾಣಗಳನ್ನು ಗಾಜಿನ ಕೆಳಗಿಟ್ಟು ಬೆಳಕು ಹಾಯಿಸುತ್ತಿದ್ದೆ. ಮನೆಗೆ ಬಂದು ನಮ್ಮದನ್ನು ತೆಗೆಯಲು ಕೈ ಬರುತ್ತಿರಲಿಲ್ಲ. ಅವ್ವ ಮೊದಮೊದಲು ತಮಾಷೆಗೆ ಕೇಳುತ್ತಿದ್ದಳು. ನಾನು ಚಪ್ಪಲಿ ಬಿಡುವಾಗಲೇ, "ಆ ಕೂಸು ಇನ್ನೂ ಬಿದ್ದೈತೆ ಕಣೆ" ಎನ್ನುವಳು. ತಮ್ಮ ಊಟ ಮಾಡುತ್ತ, "ನಾಳೆ ಆಸ್ಪತ್ರೆಗಾದ್ರೂ ಸೇರ್ಸಕ್ಕ ಅದನ್ನ" ಎನ್ನುವನು. ಶ್ರಾವಣ ಮುಗಿಯಿತು. ಅವ್ವ ಕೇಳುವುದನ್ನು ಬಿಟ್ಟಳು. ಪುಸ್ತಕ ಕೆಂಪು ಬಟ್ಟೆಯಲ್ಲಿ ಗೂಡು ಸೇರಿತ್ತು. ಅವ್ವನೇ ಸುತ್ತಿ ಇಟ್ಟಿರಬೇಕು ಎಂದುಕೊಂಡೆ. ಮರೆತಳು ಎಂದು ಸಮಾಧಾನವೂ ಆಯಿತು.

ಭಾದ್ರಪದದಲ್ಲಿ ಅವಳ ಕಾಲು ಊದಿಕೊಂಡವು. ಹೊಳಲ್ಕೆರೆ ಆಸ್ಪತ್ರೆಯಲ್ಲಿ ನೋಡಿ ಚಿತ್ರದುರ್ಗಕ್ಕೆ ಬರೆದುಕೊಟ್ಟರು. ಕಿಡ್ನಿ ಎಂದರು. ಹನ್ನೆರಡು ದಿನ ಅಲ್ಲಿದ್ದಳು. ಗ್ರಂಥಾಲಯದಿಂದ ಆಸ್ಪತ್ರೆಗೆ ನಡೆದರೆ ಕಾಲು ಗಂಟೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹೋಗಿ ಅವಳ ಪಕ್ಕ ಕೂರುತ್ತಿದ್ದೆ. ಏನಾದರೂ ಓದಲೇ ಎಂದು ಒಂದು ದಿನವೂ ಕೇಳಲಿಲ್ಲ. ಅವಳೂ ಕೇಳಲಿಲ್ಲ. ದಸರಾ ಹಿಡಿಯುವ ಮುಂಚೆ ಹೋದಳು.

ಜವನಗೊಂಡನಹಳ್ಳಿಯಿಂದ ದೊಡ್ಡವ್ವ, ಅವ್ವನ ಅಕ್ಕ, ಬಂದು ಹನ್ನೊಂದು ದಿನ ನಮ್ಮ ಜೊತೆ ಇದ್ದಳು. ಅಡುಗೆ ಅವಳದೇ. ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿದವಳೂ ಅವಳೇ. ಕೆಟ್ಟವಳಲ್ಲ. ಐದನೆಯ ದಿನ ದೇವರ ಗೂಡು ಒರೆಸುತ್ತ ಕೆಂಪು ಗಂಟನ್ನು ನೋಡಿದಳು.

"ಈ ಸಲ ಪುರಾಣ ಚೆಂದಾಗಿ ಮುಗೀತೇನವ್ವ?"

ನಾನು ದೀಪದ ಬತ್ತಿ ಸರಿಮಾಡತೊಡಗಿದೆ.

"ಯಾಕೆ, ಬಾಯಿ ಕಟ್ಟೈತೇನು?"

"ಇಲ್ಲ ದೊಡ್ಡವ್ವ. ಅರ್ಧಕ್ಕೆ ನಿಂತೋತು."

ಅವಳು ಒರೆಸುವ ಬಟ್ಟೆಯನ್ನು ಕೆಳಗಿಟ್ಟಳು. "ಎಲ್ಲಿಗೆ ನಿಂತೋತು?"

"ಕೂಸಿಗೆ ಹಾವು ಕಚ್ಚತೈತಲ್ಲ, ಅಲ್ಲಿಗೆ."

ಅವಳು ಕೆಂಪು ಗಂಟನ್ನು ಮುಟ್ಟಿ ಕೈ ಮುಗಿದಳು. ಆಮೇಲೆ ಮೆತ್ತಗೆ, ನನ್ನನ್ನು ಬಯ್ಯುವ ಹಾಗಲ್ಲ, ತನಗೇ ಹೇಳಿಕೊಳ್ಳುವ ಹಾಗೆ, "ಅದಕ್ಕೇ ಕಣೆ" ಎಂದಳು. ಬಾಗಿಲಲ್ಲಿ ತಮ್ಮ ಡ್ಯೂಟಿಯ ಬೂಟು ಬಿಚ್ಚುತ್ತಿದ್ದ. ಅವನ ಕಡೆ ನೋಡಿ ದನಿ ಇನ್ನೂ ತಗ್ಗಿಸಿದಳು. "ಈ ಹುಡುಗನ್ನ ಹುಷಾರಾಗಿ ನೋಡ್ಕೋ. ದಿನಾ ಹಳಿ ಮೇಲೆ ತಿರುಗೋನು. ಅರ್ಧಕ್ಕೆ ನಿಂತಿದ್ದು ಒಂದಕ್ಕೇ ಸಾಕಾಗಲ್ಲ ಅಂತಾರೆ."

ಆ ಮಾತು ನನ್ನೊಳಗೆ ಕೂತಿತು.

ತಮ್ಮನದು ಹಳಿ ನೋಡಿಕೊಂಡು ನಡೆಯುವ ಕೆಲಸ. ಬೆಳಿಗ್ಗೆ ಆರಕ್ಕೆ ಸುತ್ತಿಗೆ ಹೆಗಲಿಗೇರಿಸಿ, ಕೆಂಪು ಹಸಿರು ಬಾವುಟ ಕಂಕುಳಲ್ಲಿ ಸುತ್ತಿಕೊಂಡು ಹೊರಡುವನು. ಹಳಿಯನ್ನು ಹಿಡಿದಿಡುವ ಕೊಂಡಿಗಳು ಸಡಿಲವಾಗಿದ್ದರೆ ಹೊಡೆದು ಕೂರಿಸುತ್ತ ಹೋಗಬೇಕು. ಕ್ವಾರ್ಟರ್ಸಿಗೆ ಆ ಸುತ್ತಿಗೆಯ ಸದ್ದು ರೈಲ್ವೆ ಗೇಟಿನವರೆಗೂ ಕೇಳುತ್ತಿತ್ತು. ಆಮೇಲೆ ಇಲ್ಲ. ವರ್ಷಗಳಿಂದ ಇದ್ದ ಸದ್ದು, ಒಂದು ದಿನವೂ ಕಿವಿಗೊಟ್ಟವಳಲ್ಲ. ಈಗ ಬಾಗಿಲಲ್ಲಿ ನಿಂತು ಕೇಳತೊಡಗಿದೆ. ಟಣ್ ಎಂದರೆ ಉಸಿರು ಬಿಡುವುದು, ಮುಂದಿನ ಟಣ್ ಬರುವವರೆಗೆ ಹಿಡಿಯುವುದು. ಗೇಟು ದಾಟಿ ಸದ್ದು ನಿಂತ ಮೇಲೆ ಅವನು ತಿರುಗಿ ಬರುವವರೆಗೂ ನನ್ನ ಕೈಗೆ ಯಾವ ಕೆಲಸವೂ ಹತ್ತುತ್ತಿರಲಿಲ್ಲ.

"ಏನಕ್ಕ, ಡ್ಯೂಟಿ ನಿಂದೋ ನಂದೋ?" ಎಂದು ಅವನು ನಗುವನು.

ಹದಿನಾಲ್ಕನೆಯ ದಿನ, ದೊಡ್ಡವ್ವ ಊರಿಗೆ ಹೋದ ಮೇಲೆ, ಬೆಳಿಗ್ಗೆ ಗೂಡ್ಸ್ ಗಾಡಿಯೊಂದು ಉದ್ದಕ್ಕೆ ಕೂಗು ಹಾಕುತ್ತ ಬಂದು ಗೇಟಿನ ಆಚೆ ನಿಂತುಬಿಟ್ಟಿತು. ಅಲ್ಲಿ ನಿಲ್ಲುವ ಗಾಡಿಯಲ್ಲ. ಜನ ಆ ಕಡೆ ಓಡಿದರು. ಯಾರೋ, "ಗಾಡಿಗೆ ಸಿಕ್ಕೋತು" ಎಂದರು. ಏನು, ಯಾರು ಎಂದು ಕೇಳಲಿಲ್ಲ. ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ಓಡಿದೆ. ಕುರಿಗಳು. ಏಳೆಂಟು ಕುರಿಗಳು ಹಳಿಯ ಎರಡೂ ಕಡೆ ಬಿದ್ದಿದ್ದವು. ಕುರಿಯವನು ತಲೆಯ ಟವೆಲ್ಲು ತೆಗೆದು ಬಾಯಿಗೆ ಒತ್ತಿಕೊಂಡು ಕೂತಿದ್ದ. ತಮ್ಮ ಒಂದು ಕುರಿಯ ಕಾಲು ಹಿಡಿದು ಎಳೆಯುತ್ತಿದ್ದ. ಅವನ ಅಂಗಿಯ ಮೇಲೆಲ್ಲ ರಕ್ತ. ನನ್ನನ್ನು ನೋಡಿ, "ಕಾಲಿಗೆ ಏನಾಗೈತೆ ನೋಡ್ಕೋ ಅಕ್ಕ" ಎಂದ. ನನ್ನ ಹೆಬ್ಬೆರಳು ಒಡೆದಿತ್ತು. ನೋವು ಗೊತ್ತಾಗಿರಲಿಲ್ಲ.

ಇದು ಎಚ್ಚರಿಕೆ ಎಂದುಕೊಂಡೆ. ಕುರಿ ಕಾಯುವವರ ಕೂಸು, ಕುರಿ, ಇನ್ನು ಮುಂದಿನದು. ಈಗ ಬರೆಯುವಾಗ ಇದು ಹುಚ್ಚು ಎಂದು ಕಾಣುತ್ತದೆ. ಆಗ ಹಾಗೆ ಕಾಣಲಿಲ್ಲ.

ಮರುದಿನ ಕೆಲಸಕ್ಕೆ ಹೋದೆ. ಮನೆಯಲ್ಲಿ ಕೂತು ಸದ್ದು ಕೇಳುವುದಕ್ಕಿಂತ ಅದು ಮೇಲು ಅನ್ನಿಸಿತ್ತು. ಆ ವಾರ ಹೊಸದುರ್ಗದ ಕಡೆಯ ಒಂದು ಮನೆಯವರು ಕೊಟ್ಟ ಪುಸ್ತಕಗಳ ಚೀಲ ನನ್ನ ಮೇಜಿಗೆ ಬಂತು. ನಾಲ್ಕನೆಯದೋ ಐದನೆಯದೋ ತೆಗೆದಾಗ ಕೈ ನಿಂತಿತು. ನಮ್ಮ ಮನೆಯದೇ ಪುಸ್ತಕ. ಅದೇ ಶರಣರು, ಅದೇ ಅಚ್ಚು, ಮೊದಲ ಪುಟದಲ್ಲಿ ಅದೇ ಬಳ್ಳಿಯ ಚಿತ್ರ.

ಪುಟಗಳನ್ನು ಒಂದೊಂದಾಗಿ ಗಾಜಿನ ಕೆಳಗಿಟ್ಟೆ. ಹಾವಿನ ಸಂಧಿ ಬಂದಾಗ ಅಕ್ಷರದ ಕಡೆ ನೋಡದೆ, ಅಂಚು ಮಾತ್ರ ನೋಡಿಕೊಂಡು ಹಾಯಿಸಿದೆ. ಮುಗಿಯುತ್ತ ಬಂದಂತೆ ಇನ್ನೂ ಹೆದರಿಕೆ. ಕೊನೆಯಲ್ಲಿ ಫಲ ಹೇಳುವ ಪದ್ಯಗಳಿರುತ್ತವೆ. ಓದಿದವರಿಗೆ ಏನು, ಕೇಳಿದವರಿಗೆ ಏನು. ಅರ್ಧಕ್ಕೆ ಬಿಟ್ಟವರಿಗೆ ಏನು ಎಂಬುದೂ ಅಲ್ಲೇ ಇರುತ್ತದೆ. ನಮ್ಮ ಮನೆಯಲ್ಲಿ ಕೊನೆಯ ದಿನ ಅಪ್ಪ ಆ ಪದ್ಯಗಳನ್ನು ಬಿಟ್ಟು ನೇರ ಮಂಗಳಕ್ಕೆ ಹೋಗುತ್ತಿದ್ದರು, ಸಜ್ಜಿಗೆ ಆರುತ್ತದೆ ಎಂದು. ನಾನೂ ಹಾಗೇ ಮಾಡುತ್ತಿದ್ದೆ. ಆದ್ದರಿಂದ ಅಲ್ಲಿ ಏನಿದೆಯೋ ನನಗೆ ಗೊತ್ತಿರಲಿಲ್ಲ. ಕೊನೆಯ ಕೆಲವು ಹಾಳೆಗಳನ್ನು ಮುಖ ತಿರುಗಿಸಿಕೊಂಡೇ ಯಂತ್ರಕ್ಕೆ ಕೊಟ್ಟೆ. ನಮೂನೆ ತೆರೆದು, ಪ್ರಕಾರದ ಪಟ್ಟಿ ಇಳಿಸಿ, 'ಚರಿತ್ರೆ' ಒತ್ತಿದೆ.

ಯಾರು ಎಲ್ಲಿ ಬೇಕಾದರೂ ಮಡಚಿಡಬಹುದಾದ ಪುಸ್ತಕ. ಹಾಗೆಂದು ಕಂಪ್ಯೂಟರಿನಲ್ಲಿ ದಾಖಲಾಯಿತು. ಆ ಎರಡು ದಿನ ನನಗೆ ಸ್ವಲ್ಪ ನಿದ್ದೆ ಬಂತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ನಿಜ.

ಶನಿವಾರ ಮೇಷ್ಟ್ರು ಆ ವಾರದ ಪಟ್ಟಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು, ಒಂದೊಂದು ಪುಸ್ತಕ ತರಿಸಿ ನೋಡುತ್ತಿದ್ದರು. ನನ್ನನ್ನು ಕರೆದರು.

"ಇದಕ್ಕೆ ಚರಿತ್ರೆ ಅಂತ ಹಾಕಿದ್ಯಲ್ಲಮ್ಮ. ಕೊನೇದು ನೋಡಿದ್ಯಾ?"

"ನೋಡಿದೆ ಸಾರ್."

ಅವರು ಪುಸ್ತಕವನ್ನು ತಿರುಗಿಸಿ ನನ್ನ ಮುಂದೆ ಇಟ್ಟರು. ಕೊನೆಯಲ್ಲಿ ಹಾಳೆಗಳು ಕಿತ್ತುಹೋಗಿದ್ದವು. ಕಥೆ ಮುಗಿಯುವುದಕ್ಕೂ ಮುಂಚೆ, ಒಂದು ಪದ್ಯದ ನಡುವೆ ಪುಸ್ತಕ ನಿಂತಿತ್ತು. ಹೊಲಿಗೆಯ ದಾರ ಜೋತುಬಿದ್ದಿತ್ತು.

"ಇಲ್ದಿರೋದನ್ನ ಹೆಂಗೆ ನೋಡ್ದೆ?"

ಅವರು ಬಯ್ಯಲಿಲ್ಲ. ಕನ್ನಡಕ ಒರೆಸಿಕೊಂಡರು. "ಈ ಪುಸ್ತಕ ನಿಮ್ಮನೇಲೂ ಐತೆ ಅಂದಿದ್ದೆ ಹೋದ ವರ್ಷ. ಸೋಮವಾರ ತಗೊಂಬಾ. ಕೊನೇ ಪುಟ ಅದ್ರಿಂದ ಸೇರ್ಸಾಣ. ಆಮೇಲೆ ಪ್ರಕಾರ ನೋಡಾಣ."

"ಅದನ್ನ ಬಿಚ್ಚಂಗಿಲ್ಲ ಸಾರ್."

"ಯಾಕೆ?"

ಹೇಳಿದೆ. ಕೂಸು ಬಿದ್ದಿರುವಲ್ಲಿ ಟಿಕೆಟ್ ಇಟ್ಟು ನಿಲ್ಲಿಸಿದ್ದು, ಅವ್ವ, ದೊಡ್ಡವ್ವನ ಮಾತು, ಹಳಿಯ ಮೇಲೆ ನಡೆಯುವ ತಮ್ಮ. ಅಷ್ಟು ಮಾತನ್ನು ನಾನು ಅಲ್ಲಿ ಯಾರ ಮುಂದೆಯೂ ಆಡಿರಲಿಲ್ಲ. ಕೊನೆಗೆ ಕೇಳಿಯೇಬಿಟ್ಟೆ. "ಅದು ಪಾರಾಯಣ ಅಂತಾದ್ರೆ, ತಪ್ಪು ನಂದೇ ಅಲ್ವಾ ಸಾರ್?"

ಅವರು ತುಂಬ ಹೊತ್ತು ಆ ಜೋತುಬಿದ್ದ ದಾರವನ್ನು ಬೆರಳಿಗೆ ಸುತ್ತುತ್ತಿದ್ದರು. "ನಾನು ಪುಸ್ತಕ ವಿಂಗಡಿಸೋನು ಕಣಮ್ಮ. ಪಾಪ ವಿಂಗಡಿಸೋದು ನಂಗೆ ಬರಲ್ಲ. ಆದ್ರೆ ಓದದೇ ಇರೋ ಪುಟಕ್ಕೆ ಹೆದರ್ತಾ ಕುಂತ್ರೆ ಮುಗಿಯಲ್ಲ. ತಗೊಂಬಾ."

ಭಾನುವಾರ ಇಡೀ ದಿನ ಆ ಗೂಡಿನ ಕಡೆ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಕೆಂಪು ಗಂಟನ್ನು ಬಿಚ್ಚದೆ ಹಾಗೇ ತೆಗೆದುಕೊಂಡು ಬಸ್ಸು ಹತ್ತಿದೆ. ಬ್ಯಾಗಿನಲ್ಲಿ ಇಡಲು ಮನಸ್ಸಾಗಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡೆ. ಹೊಳಲ್ಕೆರೆಯಲ್ಲಿ ಹತ್ತಿದ ಒಬ್ಬ ಹೆಂಗಸು ಪಕ್ಕದಲ್ಲಿ ಕೂತಳು. ಕೆಂಪು ಬಟ್ಟೆಯನ್ನು ಕಂಡ ಕೂಡಲೇ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಪುರಾಣ ಮುಗೀತೇನ್ರಿ?"

"ಹೂಂ" ಎಂದೆ. ಚಿತ್ರದುರ್ಗ ಬರುವವರೆಗೂ ಆ ಒಂದು ಸುಳ್ಳು ಗಂಟಿಗಿಂತ ಭಾರವಾಗಿ ಕೂತಿತ್ತು.

ಮೇಜಿನ ಮೇಲೆ ಗಂಟು ಬಿಚ್ಚಿದೆ. ಮೇಷ್ಟ್ರು ಸ್ವಲ್ಪ ದೂರದಲ್ಲಿ ತಮ್ಮ ಕುರ್ಚಿಯಲ್ಲೇ ಕೂತಿದ್ದರು. ಮೊದಲು ಹಾವಿನ ಸಂಧಿಯನ್ನು ಹುಡುಕಿದೆ, ಟಿಕೆಟ್ ಇಟ್ಟಿದ್ದ ಜಾಗ. ಟಿಕೆಟ್ ಇರಲಿಲ್ಲ. ಪುಟ ಅದೇ, ತಾಯಿ ಕೂಸನ್ನು ಮಲಗಿಸುವ ಕೊನೆಯ ಪದ್ಯ ಅದೇ. ಟಿಕೆಟ್ ಮಾತ್ರ ಇಲ್ಲ. ಬಿದ್ದುಹೋಯಿತೇ ಎಂದು ನೆಲ ನೋಡಿದೆ, ಬಟ್ಟೆ ಕೊಡವಿದೆ. ಆಮೇಲೆ ಪುಸ್ತಕವನ್ನು ಹಿಂದಿನಿಂದ ತೆರೆದೆ.

ಟಿಕೆಟ್ ಅಲ್ಲಿತ್ತು. ಮಂಗಳದ ಪುಟದಲ್ಲಿ. ಪಕ್ಕದಲ್ಲಿ ನಾಲ್ಕು ಅಕ್ಕಿ ಕಾಳು. ಹಳದಿಯಾದ ಕಾಗದದ ಮೇಲೆ, ಹಾಡಿನ ತಲೆಯ ಹತ್ತಿರ, ನೀರಲ್ಲಿ ಕಲಸಿ ಎಳೆದ ವಿಭೂತಿಯ ಮೂರು ಗೆರೆ. ಎರಡು ಗೆರೆ ಸರಾಗವಾಗಿ ಹೋಗಿದ್ದವು. ಮೂರನೆಯದು ಶುರುವಿನಲ್ಲೇ ಎದ್ದು, ತುದಿಯಲ್ಲಿ ಚುಕ್ಕೆಯಂತೆ ಒಂದು ಕಡೆ ಮಾತ್ರ ತಾಗಿತ್ತು. ಸೆಟೆದ ಬೆರಳಿನ ಗೆರೆ.

ಮೇಷ್ಟ್ರು ಎದ್ದು ಬಂದರು. ನೋಡಿದರು. ಅವರಿಗೆ ಬೆರಳಿನ ವಿಷಯ ಗೊತ್ತಿರಲಿಲ್ಲ, ಟಿಕೆಟ್ಟಿನ ದಿನಾಂಕ ಓದಿ, ಆಮೇಲೆ ಯಾರೋ ಮಂಗಳ ಹಾಡಿದ್ದಾರೆ ಎಂದಷ್ಟು ಅರ್ಥ ಮಾಡಿಕೊಂಡರು. ಆಮೇಲೆ ಹಿಂದಿನ ಪುಟಕ್ಕೆ ತಿರುಗಿಸಿ, ಫಲ ಹೇಳುವ ಪದ್ಯಗಳನ್ನು ಗಟ್ಟಿಯಾಗಿ ಓದಿದರು. ನಾನು ಕಿವಿ ಮುಚ್ಚಿಕೊಳ್ಳಲಿಲ್ಲ. ಓದಿದವರಿಗೂ ಕೇಳಿದವರಿಗೂ ಒಂದೇ ಫಲ ಎಂದಿತ್ತು. ಕೊನೆಯ ಪದ್ಯದಲ್ಲಿ ನಾನು ಹೆದರುತ್ತಿದ್ದದ್ದು ಬಂತು. ಯಾವ ಕಾರಣಕ್ಕೋ ಓದು ನಡುವೆ ನಿಂತರೆ, ಬರುವ ವರ್ಷ ಮೊದಲಿನಿಂದ ಹಿಡಿದು ಓದಬೇಕು. ಅಷ್ಟೇ. ಇನ್ನೇನೂ ಇರಲಿಲ್ಲ. ಮೇಷ್ಟ್ರು ಇನ್ನೊಮ್ಮೆ ಓದಿದರು, ನನಗೆ ನಂಬಿಕೆ ಬರಲೆಂದು.

ಪುಟವನ್ನು ಸ್ಕ್ಯಾನ್ ಮಾಡಬೇಕಿತ್ತು. ಗಾಜು ಒತ್ತಿದರೆ ವಿಭೂತಿ ಅಂಟುತ್ತದೆ ಎಂದು ನನಗೆ ಗೊತ್ತಿತ್ತು. ಮೆಲ್ಲಗೆ ಇಳಿಸಿದೆ. ಬೆಳಕು ಹಾಯಿತು. ಗಾಜನ್ನು ಎತ್ತಿದಾಗ ಅದರ ಮೇಲೆ ಮೂರು ಬೆಳ್ಳನೆಯ ಗೆರೆಗಳು ತೆಳುವಾಗಿ ಮೂಡಿದ್ದವು, ಕಾಗದದ ಮೇಲೆ ಅಷ್ಟು ಕಡಿಮೆಯಾಗಿದ್ದವು. ಪರದೆಯ ಮೇಲಿನ ಪುಟದಲ್ಲಿ ಮಾತ್ರ ಪೂರ್ತಿ ಇದ್ದವು. ಕಲೆಗಳನ್ನು ಅಳಿಸಿ ಪುಟ ಶುದ್ಧ ಮಾಡುವುದು ನಮ್ಮ ಕೆಲಸದ ಕ್ರಮ. ನಾನು ಮೇಷ್ಟ್ರ ಮುಖ ನೋಡಿದೆ.

"ಇರ್ಲಿ ಬಿಡು. ಅದು ಕಲೆ ಅಲ್ಲ."

ಹೊಸದುರ್ಗದ ಮನೆಯ ಪುಸ್ತಕಕ್ಕೆ ನಮ್ಮ ಮನೆಯ ಕೊನೆಯ ಪುಟಗಳನ್ನು ಜೋಡಿಸಿ, ನಮೂನೆಯನ್ನು ಮತ್ತೆ ತೆರೆದೆ. 'ಚರಿತ್ರೆ' ತೆಗೆದು 'ಪಾರಾಯಣ' ಒತ್ತಿದೆ. ನಿಲ್ಲಿಸಬಾರದ್ದನ್ನು ನಿಲ್ಲಿಸಿದ್ದೆ. ಅದು ಹಾಗೆ ದಾಖಲಾಗಿರುವುದೇ ಸರಿ ಅನ್ನಿಸಿತು.

ಸಂಜೆ ಮನೆಗೆ ಬಂದು ತಮ್ಮನ ಮುಂದೆ ಟಿಕೆಟ್ ಇಟ್ಟೆ. ಅವನು ಅದನ್ನು ನೋಡಿ ಗೋಡೆಯ ಕಡೆ ತಿರುಗಿದ.

"ನಿಂಗೆ ಗೊತ್ತಿತ್ತಾ?"

"ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಕೇಳಿದ್ಲು. ಮಂಗಳ ಯಾವ ಹಾಳೆಯಾಗೆ ಐತೆ ತೋರ್ಸಲೇ ಅಂತ. ತೋರ್ಸಿದೆ. ಅವಳೇ ಹಾಡ್ಕಂಡ್ಲು, ಸಣ್ಣಕೆ."

"ನಾನೆಲ್ಲಿದ್ದೆ?"

"ಬಸ್ಸಿನಾಗೆ ಇದ್ಯೇನೋ."

"ನಂಗ್ಯಾಕೆ ಹೇಳ್ಲಿಲ್ಲ?"

"ಬ್ಯಾಡ ಅಂದ್ಲು. ಅವಳಿಗೆ ಹೇಳ್ಬೇಡ, ಹೆದರ್ಕಂತಾಳೆ ಅಂದ್ಲು."

ಬರುವ ವರ್ಷ ಓದಿಸಿಕೊಳ್ಳುತ್ತೇನೆ ಎಂಬ ನಂಬಿಕೆ ಇದ್ದವರು ನಡುವಿನ ಸಂಧಿಗಳನ್ನು ಬಿಟ್ಟು ಮಂಗಳ ಹಾಡುವುದಿಲ್ಲ. ಅವಳಿಗೆ ಗೊತ್ತಿತ್ತು. ನಾನು ಅಲ್ಲಿಯವರೆಗೆ ಹೆದರುತ್ತಿದ್ದುದು ಪುಸ್ತಕಕ್ಕೆ. ಅವತ್ತಿನಿಂದ ನನ್ನನ್ನು ಕಾಡಿದ್ದು ಬೇರೆ. ದಿನಾ ಅದೇ ಮನೆಗೆ ಬಂದು, ಅದೇ ತಟ್ಟೆಯಲ್ಲಿ ಉಂಡು, ಅವಳ ಮುಖ ನೋಡಿಯೂ ನನಗೆ ಏನೂ ಕಾಣಲಿಲ್ಲವಲ್ಲ ಎಂಬುದು.

ಮುಂದಿನ ಶ್ರಾವಣದಲ್ಲಿ ಮೊದಲಿನಿಂದ ಹಿಡಿದೆ. ಆರು ಗಂಟೆಯ ಮೇಲೆ ಕೂರುವುದಿಲ್ಲ ಎಂದು ಗ್ರಂಥಾಲಯದಲ್ಲಿ ಮೊದಲೇ ಹೇಳಿಬಿಟ್ಟಿದ್ದೆ. ಕೇಳಲು ತಮ್ಮ ಕೂತ. ಅವ್ವ ಕೂರುತ್ತಿದ್ದ ಗೋಡೆಗೆ ಒರಗಬೇಡ ಎಂದು ನಾನೇನೂ ಹೇಳಲಿಲ್ಲ, ಅವನೇ ಸ್ವಲ್ಪ ಈಚೆ ಕೂತ. ಅವನಿಗೆ ಪದ್ಯ ತಿಳಿಯುತ್ತಿರಲಿಲ್ಲ. ನಾನು ಸಾಲು ನುಂಗಿದರೂ ತಿಳಿಯುತ್ತಿರಲಿಲ್ಲ, ಆದ್ದರಿಂದ ನಾನು ಒಂದೂ ನುಂಗಲಿಲ್ಲ.

ಹತ್ತನೆಯ ದಿನ ಹಾವಿನ ಸಂಧಿ ಬಂತು. ತಾಯಿ ಕೂಸನ್ನು ಬಾಗಿಲ ಮುಂದೆ ಮಲಗಿಸಿದಳು. ನಾನು ದೀಪಕ್ಕೆ ಎಣ್ಣೆ ಹಾಕಿದೆ. ತಮ್ಮ, "ಅಲ್ಲಿಗೇ ನಿಲ್ಲಿಸ್ತೀಯೇನಕ್ಕ?" ಎಂದ. ನಾನು ಹಾಳೆ ತಿರುಗಿಸಿದೆ. ಮುಂದಿನ ಸಂಧಿಯನ್ನು ಪೂರ್ತಿ ಓದಿದೆ. ಕೂಸು ಕಣ್ಣು ಬಿಟ್ಟು, ಎದ್ದು ಕೂತು, ಹಸಿವು ಎನ್ನುವವರೆಗೂ ಓದಿದೆ.

"ಎದ್ದಿತಲ್ಲ" ಎಂದ ತಮ್ಮ. "ಹೂಂ" ಎಂದೆ. ಈ ಸಲ ಅದು ನಿಜವಾಗಿತ್ತು.

ಭಯ ಹೋಯಿತು ಎಂದು ಬರೆಯಲಾರೆ. ಮರುದಿನ ಬೆಳಿಗ್ಗೆ ಆರಕ್ಕೆ ಅವನು ಸುತ್ತಿಗೆ ಹೆಗಲಿಗೇರಿಸಿ ಹೊರಟ. ನಾನು ಬಾಗಿಲಲ್ಲಿ ನಿಂತೆ. ಹಳಿಯ ಮೇಲೆ ಮೊದಲ ಟಣ್ ಕೇಳಿತು, ಆಮೇಲೆ ಇನ್ನೊಂದು. ಗೇಟಿನ ಹತ್ತಿರ ಸದ್ದು ಸಣ್ಣದಾಗಿ ನಿಂತುಹೋದ ಮೇಲೆ, ಬಸ್ಸಿಗೆ ಹೊತ್ತಾಯಿತೆಂದು ಒಳಗೆ ಹೋದೆ.